ಕಾಟಾ ಚೀಟಿ

ಮೊದಲ ವರ್ಷ ಘಾಂಟಿ ಅಂದರೆ ಗಂಟೆ ಅಂದುಕೊಂಡಿದ್ದೆ.
ಗುಡಿಯದು, ಶಾಲೆಯದು, ಎತ್ತಿನ ಕೊರಳಿನದು.
ಘಟ್ಟದ ಮೇಲಿನಿಂದ ಬಂದವರಿಗೆ ಇಲ್ಲಿ
ಉಗುಳುವ ಹಾಗೆ ಅನ್ನುವ ಮಾತು ಅದು ಅಂತ
ಕೆಪೆಯ ಚಹಾದಂಗಡಿಯಲ್ಲಿ ಸವಣೂರಿನ ಕ್ಲೀನರ್ ಮೌಲಾಲಿ
ನಗುತ್ತ ಹೇಳಿದ. ನಾನೂ ನಕ್ಕೆ.
ಗಾಡಿಗೆ ಲೋಡು ಆಗುತ್ತಿತ್ತು.

ದಿನಕ್ಕೆ ನಾಲ್ಕು ಟ್ರಿಪ್ಪು. ಐದಾದರೆ ಐದನೆಯದಕ್ಕೆ ಭತ್ತೆ ಬೇರೆ.
ಗುಡ್ಡದಿಂದ ಜೆಟ್ಟಿಗೆ, ಜೆಟ್ಟಿಯಿಂದ ಗುಡ್ಡಕ್ಕೆ,
ಹಿಂದಿನ ಲಾರಿಯ ಮೂಗು ಸದಾ ನನ್ನ ಬಾಲಕ್ಕೆ.
ಕಾಟಾದ ಮೇಲೆ ಹತ್ತಿಸಿ ಇಳಿಸಿ ಚೀಟಿ ಜೇಬಿಗೆ:
ಒಟ್ಟು ತೂಕ, ಖಾಲಿ ತೂಕ, ಉಳಿದದ್ದು ಮಾಲು.
ಗುಡ್ಡ ಅನ್ನುವ ಕಾಲಂ ಅದರಲ್ಲಿ ಇರಲಿಲ್ಲ.
ಉಗುರಿನ ಸಂದಿ ಕೆಂಪು, ಉಗುಳಿದರೆ ಕೆಂಪು.
ಎಲೆ ಅಡಿಕೆ ಬಿಟ್ಟು ಎರಡು ವರ್ಷವಾಗಿತ್ತು.

ಮಂಗಳವಾರ ಬೆಳಗ್ಗೆ ಪಾಯಕೊಂಡದ ತಿರುವಿನಲ್ಲಿ
ರಸ್ತೆ ಇರಲಿಲ್ಲ. ಹೆಂಗಸರಿದ್ದರು.
ಚಾಪೆ ಹಾಸಿ, ಹೆಗಲಿಗೆ ಸೀರೆ ಗಂಟು ಹಾಕಿ,
ಸೌದೆಗೆ ಹೊರಟವರು ದಣಿವಾರಿಸಿಕೊಳ್ಳುವ ಹಾಗೆ.
ಒಬ್ಬಳು ಮಗುವಿಗೆ ಹಾಲೂಡುತ್ತಿದ್ದಳು.
ಇಬ್ಬರು ಹಲಸಿನ ಬೀಜ ಸುಲಿಯುತ್ತಿದ್ದರು.
ಹಾರ್ನ್ ಹೊಡೆದೆ. ಸುಲಿಯುವುದು ನಿಲ್ಲಲಿಲ್ಲ.
ನನ್ನ ಹಿಂದೆ ನಲವತ್ತು ಲಾರಿ ಹೊಡೆದವು.
ಮಗು ಮಾತ್ರ ಮೊಲೆ ಬಿಟ್ಟು ತಿರುಗಿ ನೋಡಿತು.

ಶೆವಂತಿ ವೇಳಿಪ ಎದ್ದು ಬಂದು
ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವ ಹಾಗೆ.
"ಎಷ್ಟು ಟನ್ನು?"
ಅವಳ ಕೊಂಕಣಿ, ನನ್ನ ಮುರುಕು ಹಿಂದಿ,
ನಡುವೆ ಎಂಜಿನ್ನಿನ ಗುರುಗುರು. ಆರಿಸಿದೆ.
"ಹತ್ತು."
"ಎಲ್ಲಿಗೆ?"
"ಜೆಟ್ಟಿಗೆ."
"ಆಮೇಲೆ?"
"ಬಾರ್ಜು. ಹಡಗು. ಆಮೇಲೆ ಗೊತ್ತಿಲ್ಲ."
ಅವಳು ಹಿಂದಿರುಗಿ ಏನೋ ಅಂದಳು, ಎಲ್ಲರೂ ನಕ್ಕರು.
ಮೌಲಾಲಿ ತಿಳಿಸಿ ಹೇಳಿದ:
ಈ ಘಾಂಟಿ ನಮ್ಮ ದೇವರ ಗುಡ್ಡ ಹೊತ್ತಿದ್ದಾನೆ,
ಎಲ್ಲಿ ಇಳಿಸಬೇಕು ಅನ್ನೋದೇ ಗೊತ್ತಿಲ್ಲ, ಪಾಪ.

ಆ ಮಧ್ಯಾಹ್ನ ಅವಳು ನನ್ನನ್ನು ಝರಿಗೆ ಕರೆದೊಯ್ದಳು.
ಕರೆದೊಯ್ದಳು ಅಂದರೆ, ನೀರು ಕೇಳಿದೆ, ಬೆರಳು ತೋರಿಸಿದಳು.
ಅಜ್ಜಂದಿರು ಕಲ್ಲು ಕೊರೆದು ಮಾಡಿದ ಕಾಲುವೆ.
ಪಾಳಿಯ ಪ್ರಕಾರ ಗದ್ದೆ ಗದ್ದೆಗೆ ಹೋಗುತ್ತಿದ್ದ ನೀರು
ಕುಂಕುಮ ಕಲಸಿಟ್ಟ ಹಾಗೆ ನಿಂತಿತ್ತು.
ಬೊಗಸೆಯಲ್ಲಿ ಎತ್ತಿದೆ. ಸೋರಲು ಬಿಟ್ಟೆ.
ಅಂಗೈಯಲ್ಲಿ ಉಳಿದದ್ದು ನನಗೆ ಗೊತ್ತಿದ್ದ ಮಾಲು.
ಯಾವ ಚೀಟಿಯಲ್ಲೂ ಅದರ ತೂಕ ಬಂದಿರಲಿಲ್ಲ.

ಸಂಜೆ ಹಂಡೆಯಲ್ಲಿ ಪೇಜ ಬಂತು,
ಕುಚ್ಚಲಕ್ಕಿ ಗಂಜಿ, ಜೊತೆಗೆ ಉಪ್ಪಿನಲ್ಲಿಟ್ಟ ಎಳೆ ಮಾವು.
ದಾರಿ ತಡೆದವರು ನಮ್ಮ ಹೊಟ್ಟೆ ತಡೆಯಲಿಲ್ಲ
ಅಂತ ಬರೆದರೆ ಚೆಂದ. ಆದರೆ ನಡೆದದ್ದು ಹೀಗೆ:
ಮೊದಲ ದಿನ ಕೊಡಲಿಲ್ಲ. ಎರಡನೆಯ ದಿನ ಒಬ್ಬಳು ಬೈದಳು.
ಮೂರನೆಯ ದಿನ ಶೆವಂತಿ ಬೋಗುಣಿ ತಂದು
ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕುಕ್ಕಿ
"ಉಣ್ಣು, ಘಾಂಟಿ" ಅಂದಳು.
ಉಪ್ಪು ಸರಿಯಾಗಿತ್ತು.

ಒಂಬತ್ತನೆಯ ದಿನ ನಸುಕಿಗೆ ನೀಲಿ ವ್ಯಾನುಗಳು ಬಂದವು.
ಹೆಸರು ಕೇಳಿದರೆ ಎಲ್ಲರೂ ಒಂದೇ ಹೆಸರು ಹೇಳಿದರಂತೆ,
ಗುಡ್ಡದ ಹೆಸರು. ಪೇದೆ
ಮೂವತ್ತೇಳು ಸಲ ಅದನ್ನೇ ಬರೆದುಕೊಂಡ.
ಶೆವಂತಿ ಕೊನೆಯವಳು. ಹತ್ತುವ ಮೊದಲು
ಹಲಸಿನ ಬೀಜದ ಬುಟ್ಟಿ ಯಾರ ಕೈಗೋ ಕೊಟ್ಟಳು.
ನನ್ನ ಕಡೆ ನೋಡಲಿಲ್ಲ.

ನಾನೇನು ಮಾಡಿದೆ ಅಂತ ಕೇಳಬೇಡಿ.
ಗಾಡಿ ಸ್ಟಾರ್ಟ್ ಮಾಡಿದೆ.
ಜೆಟ್ಟಿಯಲ್ಲಿ ಸುರಿದು, ಖಾಲಿ ಗಾಡಿ ಕಾಟಾಕ್ಕೆ ಹತ್ತಿಸಿದರೆ
ಕಿಟಕಿಯ ಹುಡುಗ ಕೇಳಿದ, "ಒಳಗೇನಾದರೂ ಇದೆಯಾ?"
ಏನಿಲ್ಲ ಅಂದೆ. ಕಾಟಾವೂ ಅದನ್ನೇ ಅಂದಿತು.
ಇಪ್ಪತ್ತು ಕಿಲೋ ಒಳಗಿನದು ಅದಕ್ಕೆ ತಿಳಿಯುವುದಿಲ್ಲ.

ಸೀಟಿನ ಕೆಳಗೆ, ಜಾಕಿನ ಪಕ್ಕ,
ತಿರುಗಿ ಕೊಡದೆ ಉಳಿದ ಬೋಗುಣಿ.
ಪಾಯಕೊಂಡದ ತಿರುವಿನಲ್ಲಿ
ಕಬ್ಬಿಣಕ್ಕೆ ತಾಗಿ
ಒಂದು ಸಲ ಬಾರಿಸುತ್ತದೆ.